ದೀಪ ಹಚ್ಚುವುದು, ಪಂಖಾ ಹಚ್ಚುವುದು

ನಮ್ಮ ಪಾಠಶಾಲೆಯ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದು ಕಳುಹಿಸಬೇಕೆಂದು ಅಪ್ಪಣೆಯಾದಾಗ ನಾವು ಬಹಳ ದಿನ ಸುಮ್ಮನಿದ್ದೆವು. ನಮ್ಮ ಸಹಪಾಠಿನಿಯರಲ್ಲಿ ಕೆಲವರು ವೈದ್ಯರಾಗಿದ್ದಾರೆ, ಕೆಲವರು ದೇಶಾಂತರಗಳನ್ನು ಕಂಡು ಬಂದಿದ್ದಾರೆ. ಅವರ ಲೇಖನಗಳ ನಡುವೆ ಮನೆವಾಳ್ತೆಯಲ್ಲೇ ದಿನಗಳನ್ನು ಕಳೆದ ನಾವು ಏನನ್ನು ಹೇಳಬಲ್ಲೆವು? ಆದರೂ ಮನೆಯೊಳಗೆ ಕುಳಿತವರಿಗೂ ಕಿವಿಯುಂಟಷ್ಟೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗೆಗಳ ಮನೆಗಳಲ್ಲಿ ವಿದ್ಯುತ್ತಿನ ಉಪಕರಣಗಳನ್ನು ಜನರು ಯಾವ ಯಾವ ಹೆಸರಿನಿಂದ ಕರೆಯುವರು, ಅವುಗಳಿಗೆ ಯಾವ ಕ್ರಿಯಾಪದವನ್ನು ಸೇರಿಸುವರು ಎಂಬುದನ್ನು ನಾವು ಅನೇಕ ವರ್ಷಗಳಿಂದ ಕೇಳುತ್ತಾ ಬಂದಿದ್ದೇವೆ. ವಿಷಯವು ಅಲ್ಪವೆಂದು ತೋರಿದರೆ ತಾಯಿತಂದೆಗಳೂ ಸೋದರಿಯರೂ ಸ್ವಲ್ಪ ತಾಳ್ಮೆಯಿಂದ ಮುಂದಕ್ಕೆ ಓದಬೇಕೆಂದು ಬೇಡುತ್ತೇವೆ.

ನಮ್ಮ ಸೀಮೆಯ ಹೆಣ್ಣುಮಗಳೊಬ್ಬಳು ಓದಿಗಾಗಿ ಬೆಂಗಳೂರಿಗೆ ಹೋಗಿ ಒಂದು ವಸತಿಗೃಹದಲ್ಲಿ ಇಳಿದುಕೊಂಡಳು. ಕುಷ್ಟಗಿಯ ಕಡೆಯವಳು, ಜಾಣೆ. ಮೊದಲನೆಯ ರಾತ್ರಿಯೇ ಸೆಕೆ ತಾಳಲಾರದೆ, ಜೊತೆಯವಳಿಗೆ "ಫ್ಯಾನ್ ಹಚ್ಚ್ರಿ" ಎಂದಳಂತೆ. ಕೋಣೆಯಲ್ಲಿದ್ದವರೆಲ್ಲರೂ ನಕ್ಕರು. "ಬೆಂಕಿಕಡ್ಡಿ ಎಲ್ಲಿದೆ?" ಎಂದು ಒಬ್ಬಳು ಕೇಳಿದಳು. ಆ ಹುಡುಗಿಯು ಅಂದಿನಿಂದ ತಿಂಗಳುಗಟ್ಟಲೆ ಆ ಕೋಣೆಯಲ್ಲಿ ಬಾಯಿ ಬಿಡಲಿಲ್ಲವೆಂದೂ, ಏನು ಬೇಕಾದರೂ ತಾನೇ ಎದ್ದು ಮಾಡಿಕೊಳ್ಳುತ್ತಿದ್ದಳೆಂದೂ ಅವಳ ತಾಯಿಯು ನಮಗೆ ಹೇಳಿದರು. ರಜೆಗೆ ಊರಿಗೆ ಬಂದಾಗ ಅವಳು "ಫ್ಯಾನ್ ಹಾಕು" ಎನ್ನುತ್ತಿದ್ದಳು, ತಾಯಿಯು "ಎಲ್ಲಿ ಹಾಕಲಿ?" ಎಂದು ಕೇಳಿದರು. ಇಬ್ಬರೂ ನಗಲಿಲ್ಲ.

ಈ ಸಂಗತಿಯನ್ನು ಕೇಳಿದಾಗಿನಿಂದ ನಮಗೆ 'ಹಚ್ಚು' ಎಂಬ ಪದದ ಮೇಲೆ ವಿಶೇಷ ಮಮತೆಯುಂಟಾಗಿದೆ. ಹಚ್ಚುವುದೆಂದರೆ ಏನು? ಹಣೆಗೆ ಕುಂಕುಮ ಹಚ್ಚುತ್ತೇವೆ, ರೊಟ್ಟಿಗೆ ಬೆಣ್ಣೆ ಹಚ್ಚುತ್ತೇವೆ, ಗೋಡೆಗೆ ಸುಣ್ಣ ಹಚ್ಚುತ್ತೇವೆ, ಮಕ್ಕಳನ್ನು ಸಾಲೆಗೆ ಹಚ್ಚುತ್ತೇವೆ, ಆಳನ್ನು ಕೆಲಸಕ್ಕೆ ಹಚ್ಚುತ್ತೇವೆ. ಒಂದನ್ನು ಇನ್ನೊಂದಕ್ಕೆ ತಾಗಿಸಿ ಅಂಟಿಸುವುದೇ ಹಚ್ಚುವುದು. ಬತ್ತಿಗೆ ಉರಿಯನ್ನು ತಾಗಿಸಿದರೆ ದೀಪ ಹಚ್ಚಿದಂತೆ. ಹೀಗಿರಲಾಗಿ ಪಂಖಕ್ಕೆ ಕರೆಂಟನ್ನು ತಾಗಿಸಿದಾಗ ಪಂಖಾ ಹಚ್ಚಿದೆವೆಂದು ಹೇಳುವುದರಲ್ಲಿ ನಗುವಂಥದ್ದೇನಿದೆ? ಮಹಾರಾಷ್ಟ್ರದವರೂ ಸರಿಯಾಗಿ ಇದೇ ಅರ್ಥದ 'ಲಾವ' ಎಂಬ ಕ್ರಿಯಾಪದವನ್ನು ದೀಪಕ್ಕೂ ಪಂಖಕ್ಕೂ ಟಿ.ವಿ.ಗೂ ಸೇರಿಸುತ್ತಾರೆ. ಗಂಗಾವತಿಯ ಕಾಲುವೆ ಬಯಲಿನಲ್ಲಿ, ತುಂಗಭದ್ರೆಯ ನೀರು ಹರಿದ ಮೇಲೆ ಬಂದು ನೆಲಸಿದ ಆಂಧ್ರದ ರೈತರ ಕ್ಯಾಂಪುಗಳಲ್ಲಿ, ತೆಲುಗಿನ 'ವೆಯ್ಯಿ' ಎಂಬ ಮಾತು ಕೇಳಿಬರುತ್ತದೆ. ಅದು ದಕ್ಷಿಣದವರ 'ಹಾಕು' ಎಂಬುದಕ್ಕೆ ಒಡಹುಟ್ಟಿದಂತಿದೆ. ಇಂಗ್ಲಿಷಿನವರೋ ನಲ್ಲಿಯ ತಿರುಪನ್ನು ತಿರುಗಿಸುವಂತೆ ದೀಪವನ್ನೂ ತಿರುಗಿಸುತ್ತಾರೆ. ಬೆಂಕಿಕಡ್ಡಿಯ ಪ್ರಶ್ನೆಯನ್ನು ಅವರನ್ನೂ ಕೇಳಬೇಕಲ್ಲವೇ?

ಇನ್ನೊಂದು ಮಾತು. ನಮ್ಮಲ್ಲಿ ಟಿ.ವಿ. ಹಚ್ಚುತ್ತಾರೆ, ರೇಡಿಯೋ ಹಚ್ಚುತ್ತಾರೆ, ಮೋಟಾರು ಹಚ್ಚುತ್ತಾರೆ. ದೂರದ ಮಗನಿಗೆ ಫೋನು ಸಹ ಹಚ್ಚುತ್ತಾರೆ. ಹೊಸ ಯಂತ್ರವು ಎಷ್ಟೇ ಬರಲಿ, ಅದಕ್ಕೆ ಹೆಸರು ಪರದೇಶದ್ದು, ಕ್ರಿಯಾಪದ ನಮ್ಮದು. ಹೆಸರುಗಳನ್ನು ನಾವು ಸಾಲವಾಗಿ ತಂದಿರಬಹುದು, ಅವುಗಳನ್ನು ದುಡಿಸುವ ಮಾತು ಮಾತ್ರ ಅಜ್ಜಿಯ ಹಣತೆಯದು.

ಆರಿಸುವ ವಿಷಯದಲ್ಲಿ ಹಾಗಲ್ಲ. ಹಿಂದಿನವರು ದೀಪವನ್ನು 'ಆರಿಸು' ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅದು ಅಶುಭವೆಂದು 'ದೀಪ ದೊಡ್ಡದು ಮಾಡು', 'ಶಾಂತ ಮಾಡು' ಎನ್ನುತ್ತಿದ್ದರು. ಬಳೆ ಒಡೆದರೆ 'ಬಳೆ ಹೆಚ್ಚಿತು' ಎನ್ನುವ ಸೌಜನ್ಯವೇ ಇದು. ಆದರೆ ವಿದ್ಯುದ್ದೀಪಕ್ಕೆ ಈ ಮರ್ಯಾದೆಯು ದೊರೆಯಲಿಲ್ಲ. ಅದನ್ನು ಎಲ್ಲರೂ ನಿಃಸಂಕೋಚವಾಗಿ 'ಬಂದ್' ಮಾಡುತ್ತಾರೆ. ಬಂದ್ ಎಂಬುದು ಪಾರಸೀ ಶಬ್ದ; ಬಾಗಿಲನ್ನೂ ಅಂಗಡಿಯನ್ನೂ ಬಂದ್ ಮಾಡುತ್ತಿದ್ದ ಬಾಯಿಯು ದೀಪವನ್ನೂ ಬಂದ್ ಮಾಡಿತು. ನಮ್ಮ ಅಜ್ಜಿಯವರು ಮಾತ್ರ ಬಲ್ಬನ್ನು ಬಂದ್ ಮಾಡಿಸುವಾಗಲೂ "ದೊಡ್ಡದು ಮಾಡವ್ವಾ" ಎನ್ನುತ್ತಿದ್ದರು. ಅದನ್ನು ನಿಜವೆಂದು ತಿಳಿದ ಚಿಕ್ಕ ಮೊಮ್ಮಗನು, ಇದ್ದ ದೀಪದ ಜೊತೆಗೆ ಇನ್ನೊಂದನ್ನು ಹಚ್ಚಿ ಬಂದದ್ದುಂಟು.

ನಮ್ಮ ಸಹಪಾಠಿನಿಯೊಬ್ಬಳು ಗಂಡನ ಉದ್ಯೋಗನಿಮಿತ್ತವಾಗಿ ಕೆಲವು ವರ್ಷ ಹಾಂಗ್‌ಕಾಂಗಿನಲ್ಲಿದ್ದಳು. ಅಲ್ಲಿಯ ಜನರಾಡುವ ಕ್ಯಾಂಟನೀಸ್ ಭಾಷೆಯ ಮನೆಮಾತುಗಳನ್ನು ಅವಳು ಪತ್ರಗಳಲ್ಲಿ ಬರೆಯುತ್ತಿದ್ದಳು. ಅವರು ದೀಪವನ್ನು ಹಚ್ಚುವುದೂ ಇಲ್ಲ, ಹಾಕುವುದೂ ಇಲ್ಲ. ಬಾಗಿಲನ್ನು ತೆರೆದಂತೆ 'ತೆರೆಯುತ್ತಾರೆ', ಮತ್ತು ಬಾಗಿಲಿಗೆ ಅಗುಳಿ ಹಾಕುವ ಮಾತಿನಿಂದಲೇ ದೀಪವನ್ನು ಮುಚ್ಚುತ್ತಾರೆ. ನಮ್ಮ ಬಂದ್ ಅಲ್ಲಿಯೂ ಇದೆಯೆಂದಾಯಿತು! ಅವರಿಗೆ ಶೀತಪೆಟ್ಟಿಗೆಯು 'ಹಿಮದ ಬೀರು', ಗಾಳಿಯ ಪಂಖವು ಕೇವಲ 'ಗಾಳಿಬೀಸಣಿಗೆ', ಅನ್ನ ಮಾಡುವ ಯಂತ್ರವು 'ಮಿಂಚಿನ ಅನ್ನದ ಗಡಿಗೆ'. ಬಲ್ಬಿಗೆ ಅವರಿಟ್ಟ ಹೆಸರನ್ನು ಕೇಳಿ ನಾವು ಬಹಳ ಹೊತ್ತು ನಕ್ಕೆವು: 'ದೀಪದ ಪಿತ್ತಕೋಶ'. ಆದರೆ ತೂಗಾಡುವ ಬಲ್ಬನ್ನು ನೋಡಿದರೆ ಆಕಾರವು ಹಾಗೆಯೇ ಇದೆ.

ಅವಳ ಪತ್ರದಿಂದ ನಾವು ಕಲಿತ ಮುಖ್ಯ ವಿಷಯವು ಬೇರೆ. ಕ್ಯಾಂಟನೀಸಿನಲ್ಲಿ ದೀಪ, ದೂರವಾಣಿ, ಟಿ.ವಿ. ಮುಂತಾದವುಗಳ ಹೆಸರುಗಳೆಲ್ಲವೂ 'ತಿನ್' ಎಂಬ ಒಂದೇ ಶಬ್ದದಿಂದ ಮೊದಲಾಗುತ್ತವೆ. ಅದರ ಮೂಲಾರ್ಥವು ಮಿಂಚು. ಅದನ್ನು ಬರೆಯುವ ಅಕ್ಷರದ ತಲೆಯ ಮೇಲೆ ಮಳೆಯ ಚಿಹ್ನೆಯಿದೆಯಂತೆ. ನಮ್ಮ ಸಂಸ್ಕೃತದ 'ವಿದ್ಯುತ್' ಸಹ ಮಿಂಚೇ. ಆ ವಿದ್ಯುತ್ತೇ ಪ್ರಾಕೃತದ ಮೂಲಕ ಸವೆದು ಹಿಂದಿಯ 'ಬಿಜಲಿ'ಯಾಗಿದೆ. ತಮಿಳರ 'ಮಿನ್ಸಾರಂ' ಎಂಬುದರ ಮೊದಲಿನ 'ಮಿನ್' ನಮ್ಮ ಮಿಂಚು, ಮಿನುಗುಗಳ ಬಳಗ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯವು 1918ರಲ್ಲಿ ಸ್ಥಾಪಿತವಾಗಿ ಉರ್ದುವಿನಲ್ಲಿಯೇ ಉಚ್ಚಶಿಕ್ಷಣವನ್ನು ಕೊಡಲಾರಂಭಿಸಿದಾಗ, ವಿಜ್ಞಾನದ ಪುಸ್ತಕಗಳಿಗಾಗಿ ಬಳಸಿದ 'ಬರ್ಕ್' ಎಂಬ ಅರಬ್ಬೀ ಶಬ್ದಕ್ಕೂ ಮಿಂಚೆಂದೇ ಅರ್ಥ. ಬೆಂಜಮಿನ್ ಫ್ರಾಂಕ್ಲಿನ್ನನು 1752ರಲ್ಲಿ ಗಾಳಿಪಟದ ಪ್ರಯೋಗದಿಂದ ಮುಗಿಲಿನ ಮಿಂಚೂ ಯಂತ್ರದ ಕಿಡಿಯೂ ಒಂದೇ ಎಂಬುದನ್ನು ತೋರಿಸಲೆಳಸಿದನು; ಏಷ್ಯಾಖಂಡದ ಇಷ್ಟು ಭಾಷೆಗಳು ಅದನ್ನು ಹೆಸರಿನಲ್ಲಿಯೇ ಒಪ್ಪಿಕೊಂಡುಬಿಟ್ಟವು. ಯುರೋಪಿನವರ ಹೆಸರು ಮಾತ್ರ ಗ್ರೀಕರ ರಾಳಮಣಿಯಿಂದ ಬಂದದ್ದು. ಅದನ್ನು ಉಜ್ಜಿದರೆ ಹೊಟ್ಟು ಅಂಟಿಕೊಳ್ಳುವುದೆಂಬುದೇ ಕಾರಣ.

ಹಾಗಾದರೆ ನಮ್ಮ ಜನರು 'ಮಿಂಚು' ಎನ್ನದೆ 'ಕರೆಂಟು' ಎನ್ನುವರೇಕೆ? ಕೊಪ್ಪಳವು ಸಾಮಾನ್ಯವಾದ ಊರಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೇಳಿದ ಊರುಗಳಲ್ಲಿ ಕೊಪಣವೂ ಒಂದು. ಆ ಕೊಪಣವೇ ಕೊಪ್ಪಳ. ಅಂಥಲ್ಲಿಯೇ ಒಂದು ಅಚ್ಚಗನ್ನಡದ ಹೆಸರು ಹುಟ್ಟಲಿಲ್ಲವಲ್ಲಾ ಎಂದು ಕೆಲವು ಪಂಡಿತರು ವ್ಯಥೆಪಡುವುದನ್ನು ಕೇಳಿದ್ದೇವೆ. ನಮಗೆ ಅಷ್ಟು ವ್ಯಥೆಯಿಲ್ಲ. ಮಿಂಚೆಂಬುದು ಬಯಲಿನಲ್ಲಿ ದುಡಿಯುವ ನಮ್ಮ ಜನರಿಗೆ ಭಯದ ವಸ್ತು. ಮುಂಗಾರಿನ ಮೊದಲ ಮಳೆಗಳಲ್ಲಿ ಕುರಿ ಕಾಯುವವರನ್ನೂ ಬೇವಿನ ಮರದಡಿಯಲ್ಲಿ ನಿಂತವರನ್ನೂ ಕೊಂಡೊಯ್ಯುವ ಸಿಡಿಲಿನ ಸಂಗಾತಿ. ಅದನ್ನು ಮನೆಯೊಳಗೆ ಕರೆದು ಗೋಡೆಗೆ ಕಟ್ಟಲು ಯಾರು ಒಪ್ಪಿಯಾರು? ಕರೆಂಟೋ ಹರಿಯುವುದು, ಬರುವುದು, ಹೋಗುವುದು. "ಕರೆಂಟ್ ಬಂತು", "ಕರೆಂಟ್ ಹೋತು" ಎಂದು ಅತಿಥಿಯ ವಿಷಯವಾಗಿ ಹೇಳುವಂತೆ ಹೇಳುತ್ತಾರೆ. ಇದಕ್ಕಿಂತಲೂ ತಕ್ಕ ಮಾತು ನಮಗೆ ತೋಚದು.

ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ನಮ್ಮ ಸೀಮೆಯು ಆಗ ನಿಜಾಮರ ರಾಜ್ಯದಲ್ಲಿತ್ತು. ಕೊಪ್ಪಳ, ಯಲಬುರ್ಗೆಗಳು ಸಾಲಾರ್‌ಜಂಗರ ಜಹಗೀರಾಗಿದ್ದವು. ಕಚೇರಿಯ ಭಾಷೆ ಉರ್ದು, ಸಾಲೆಯ ಭಾಷೆಯೂ ಬಹುಮಟ್ಟಿಗೆ ಉರ್ದು. ಆದುದರಿಂದಲೇ ನಮ್ಮ ಹಿರಿಯರ ಬಾಯಲ್ಲಿ ಪಂಖಾ, ಚಾಲೂ, ಬಂದ್, ದುರಸ್ತಿ ಎಂಬಂಥ ಮಾತುಗಳು ತಂತಿಗಿಂತ ಮೊದಲೇ ಬಂದು ಕುಳಿತಿದ್ದವು. ತುಂಗಭದ್ರೆಗೆ ಅಣೆಕಟ್ಟಿನ ಅಸ್ತಿಭಾರವನ್ನು 1945ರಲ್ಲಿ ಹಾಕಿದರು. ಎಡದಂಡೆಯು ಹೈದರಾಬಾದಿನದು, ಬಲದಂಡೆಯು ಮದರಾಸಿನದು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನ ವಿದ್ಯುದಾಗಾರವು 1960ರ ದಶಕದ ಮೊದಲಲ್ಲಿ ನಡೆಯತೊಡಗಿತು. ಅಷ್ಟರೊಳಗೆ, 1956ರ ನವೆಂಬರ್ 1ರಂದು, ನಾವು ಕನ್ನಡದ ರಾಜ್ಯವನ್ನು ಸೇರಿಯಾಗಿತ್ತು.

ಆದರೆ ಹೊಳೆಯ ಪಕ್ಕದಲ್ಲಿ ಹುಟ್ಟಿದ ಕರೆಂಟು ಯಲಬುರ್ಗೆಯ ನಮ್ಮ ಹಳ್ಳಿಯನ್ನು ಮುಟ್ಟಲು ಬಹಳ ಕಾಲ ಹಿಡಿಯಿತು. ನಮ್ಮ ಬಾಲ್ಯವೆಲ್ಲವೂ ಚಿಮಣಿಯ ಬೆಳಕಿನಲ್ಲಿ ಕಳೆಯಿತು. ಚಿಮಣಿಯೆಂದರೆ ಇಂಗ್ಲಿಷಿನಲ್ಲಿ ಹೊಗೆಯ ಕೊಳವೆ, ದೀಪದ ಗಾಜಿನ ಬುರುಡೆ. ನಮ್ಮ ತಗಡಿನ ಬುಡ್ಡಿಗೆ ಗಾಜೂ ಇರಲಿಲ್ಲ, ಕೊಳವೆಯೂ ಇರಲಿಲ್ಲ, ಹೊಗೆ ಮಾತ್ರವಿತ್ತು! ಸೀಮೆಎಣ್ಣೆಯೆಂದು ದಕ್ಷಿಣದವರು ಹೇಳುವುದಕ್ಕೆ ನಮ್ಮಲ್ಲಿ ಚಿಮಣಿ ಎಣ್ಣೆಯೆಂದೇ ಹೆಸರು. ಗಾಜಿದ್ದ ದೀಪವು ಕಂದೀಲು. ಈ ಶಬ್ದವು ಲ್ಯಾಟಿನ್ನಿನಿಂದ ಹೊರಟು ಗ್ರೀಕ್, ಅರಬ್ಬೀಗಳ ಮೂಲಕ ಇಷ್ಟು ದೂರ ನಡೆದುಬಂದಿದೆ. 1970ರ ದಶಕದಲ್ಲಿ ನಮ್ಮ ಓಣಿಯಲ್ಲಿ ಕಂಬ ನೆಟ್ಟಾಗ ಚಿಮಣಿಯು ಮೂಲೆಗೆ ಸರಿಯಿತೇ ಹೊರತು ಮನೆಬಿಟ್ಟು ಹೋಗಲಿಲ್ಲ. ಬಡವರ ಮನೆಗಳಿಗೆ ಒಂದೇ ದೀಪದ ಸಂಪರ್ಕವು 'ಭಾಗ್ಯಜ್ಯೋತಿ' ಎಂಬ ಯೋಜನೆಯಲ್ಲಿ ಬಂದಿತು. ಜನರು ಆ ಸಂಸ್ಕೃತ ಸಮಾಸವನ್ನು ಆದರದಿಂದ ಬರಮಾಡಿಕೊಂಡು, "ನಮ್ಮದು ಭಾಗ್ಯಜ್ಯೋತಿ ಮನಿ" ಎಂದು ಮನೆಯ ಸ್ಥಿತಿಯನ್ನೇ ಆ ಹೆಸರಿನಿಂದ ಹೇಳತೊಡಗಿದರು. ಹೆಣ್ಣು ಕೊಡುವವರು ಅದನ್ನು ಕೇಳಿ ಮನೆಯ ಅಳತೆಯನ್ನು ತಿಳಿದುಕೊಳ್ಳುತ್ತಿದ್ದರು.

ಕೆಲವು ಹೆಸರುಗಳು ವಸ್ತುವಿಗಿಂತ ದೀರ್ಘಾಯುಗಳು. ವಿದ್ಯುತ್ ಮಂಡಳಿಯನ್ನು ಜನರು ಕೆ.ಇ.ಬಿ. ಎನ್ನುತ್ತಿದ್ದರು. 1999ರಲ್ಲಿ ಅದು ನಿಗಮವಾಯಿತು; 2002ರಲ್ಲಿ ನಮ್ಮ ಭಾಗಕ್ಕೆ ಜೆಸ್ಕಾಂ ಎಂಬ ಕಂಪನಿಯು ಬಂದಿತು. ಆದರೂ ಲೈನ್‌ಮನ್ನನು ಬಂದರೆ ಇಂದಿಗೂ ಓಣಿಯ ಹೆಂಗಸರು "ಕೆ.ಇ.ಬಿ.ಯವ ಬಂದಾನ" ಎನ್ನುವರು. ಇಸ್ತ್ರಿಯ ವಿಷಯವೂ ಹೀಗೆಯೇ. ಇಸ್ತ್ರಿಯೆಂಬುದು ಪೋರ್ಚುಗೀಸರ ಮಾತೆಂದು ಬಲ್ಲವರು ಹೇಳುತ್ತಾರೆ. ಕೆಂಡ ತುಂಬುವ ಕಾಲದಲ್ಲಿ ಅದು ನಿಜವಾಗಿ ಪೆಟ್ಟಿಗೆಯಾಗಿತ್ತು, ಮುಚ್ಚಳವೂ ಇತ್ತು. ಈಗ ಒಳಗೆ ಏನನ್ನೂ ತುಂಬಲಾಗದ ತೆಳುವಾದ ಉಪಕರಣಕ್ಕೂ ಇಸ್ತ್ರಿಪೆಟ್ಟಿಗೆಯೆಂದೇ ಹೆಸರು. ಕೈಯಲ್ಲಿ ಹಿಡಿಯುವ ದೀಪಕ್ಕೆ ಬ್ಯಾಟರಿಯೆಂದು ಹೆಸರಿಟ್ಟು, ಅದರೊಳಗಿನ ಬ್ಯಾಟರಿಗೆ ಸೆಲ್ಲೆಂದು ಕರೆದು ಹೊಂದಿಸಿಕೊಂಡಿದ್ದಾರೆ. ಸಣ್ಣ ರಾತ್ರಿದೀಪಕ್ಕೆ 'ಝೀರೋ ಬಲ್ಬು' ಎನ್ನುವರು. ಹಳೆಯ ಝೀರೋ ಬಲ್ಬು ಸೊನ್ನೆಯನ್ನಲ್ಲ, 10ರಿಂದ 15 ವ್ಯಾಟ್‌ಗಳಷ್ಟು ಶಕ್ತಿಯನ್ನು ತಿನ್ನುತ್ತಿತ್ತು. ಈಗಿನ 9 ವ್ಯಾಟಿನ ಎಲ್.ಇ.ಡಿ. ದೀಪವು ಇಡೀ ಕೋಣೆಯನ್ನು ಬೆಳಗುವುದನ್ನು ನೋಡಿದರೆ, ಸೊನ್ನೆಯೇ ದೊಡ್ಡದಾಗಿದ್ದ ಕಾಲವದು. ತಡವಾಗಿ ಅರ್ಥಮಾಡಿಕೊಳ್ಳುವವನಿಗೆ 'ಟ್ಯೂಬ್‌ಲೈಟು' ಎಂಬ ಬಿರುದನ್ನು ಕೊಟ್ಟವರು, ಸ್ಟಾರ್ಟರು ಎರಡು ಮೂರು ಬಾರಿ ಮಿಣುಕಿಸಿದ ಮೇಲೆಯೇ ಹತ್ತಿಕೊಳ್ಳುತ್ತಿದ್ದ ಕೊಳವೆದೀಪವನ್ನು ಚೆನ್ನಾಗಿ ನೋಡಿದ್ದವರು. ತಟ್ಟನೆ ಹತ್ತುವ ದೀಪಗಳ ಕೆಳಗೆ ಬೆಳೆದ ನಮ್ಮ ಮೊಮ್ಮಕ್ಕಳು ಆ ಬೈಗುಳವನ್ನು ಬಳಸುತ್ತಾರೆ. ಕಾರಣವನ್ನು ಕೇಳಿದರೆ ಹೇಳಲಾರರು.

ಪಂಡಿತರು ಮಾಡಿದ ಕನ್ನಡದ ಹೆಸರುಗಳನ್ನು ನಾವು ಹೀಗಳೆಯುವವರಲ್ಲ. 'ಆಕಾಶವಾಣಿ'ಯನ್ನೇ ನೋಡಿರಿ. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ನಡೆಸಿದಾಗ ಆ ಹೆಸರು ಬಳಕೆಗೆ ಬಂದಿತು. ಮುಂದೆ ಭಾರತ ಸರಕಾರವೇ ಅದನ್ನು ಸ್ವೀಕರಿಸಿತು. ಒಳ್ಳೆಯ ಹೆಸರು ಹೀಗೆ ತಾನೇ ನಡೆದುಹೋಗುತ್ತದೆ. ಆದರೆ ಶೀತಪೆಟ್ಟಿಗೆಗೆ ಯಾರೋ ವಿನೋದಕ್ಕಾಗಿ ಇಟ್ಟ 'ತಂಗಳುಪೆಟ್ಟಿಗೆ'ಯೇ ಕೋಶದ ಹೆಸರುಗಳಿಗಿಂತ ನಮ್ಮ ಹೆಂಗಸರಿಗೆ ಹೆಚ್ಚು ಹಿಡಿಸುವುದನ್ನು ಕಂಡಿದ್ದೇವೆ. ಅದರಲ್ಲಿ ನಿನ್ನೆಯ ಸಾರಿನ ಸತ್ಯವಿದೆ.

ಇಲ್ಲಿಯವರೆಗೆ ವಿನೋದವಾಗಿ ಬರೆದೆವು. ಆದರೆ ನಮ್ಮ ಮನಸ್ಸನ್ನು ಕೊರೆಯುವ ವಿಷಯವೊಂದಿದೆ. ಕೆಲವು ವರ್ಷಗಳ ಹಿಂದೆ, ಯಲಬುರ್ಗೆ ತಾಲ್ಲೂಕಿನ ನಮ್ಮ ಬಂಧುಗಳ ಮನೆಯಲ್ಲಿ, ಮಳೆಗಾಲದ ಒಂದು ಬೆಳಿಗ್ಗೆ ಸೊಸೆಯು ಮಗುವಿನ ಸಾಲೆಯ ಅಂಗಿಗೆ ಇಸ್ತ್ರಿ ಮಾಡುತ್ತಿದ್ದಳು. ನೆಲ ತೊಯ್ದಿತ್ತು, ಕಾಲಲ್ಲಿ ಚಪ್ಪಲಿಯಿರಲಿಲ್ಲ. ಇಸ್ತ್ರಿಯ ವಾಯರಿಗೆ ಮೂರು ಕಡ್ಡಿಗಳ ಪ್ಲಗ್ಗಿತ್ತು. ಗೋಡೆಯಲ್ಲಿ ಎರಡೇ ತೂತುಗಳಿದ್ದುದರಿಂದ ದೊಡ್ಡ ಕಡ್ಡಿಯನ್ನು ಯಾರೋ ಮುರಿದು ಹಾಕಿದ್ದರು. ಅವಳನ್ನು ಕರೆಂಟು ಹಿಡಿಯಿತು. ಅತ್ತೆಯು ಓಡಿಬಂದು ಮುಟ್ಟಲಿದ್ದಳು, ಹತ್ತನೆಯ ತರಗತಿಯ ಹುಡುಗನೊಬ್ಬನು "ಮುಟ್ಟಬ್ಯಾಡಬೇ!" ಎಂದು ಕೂಗಿ ಬಟನ್ ಬಂದ್ ಮಾಡಿದನು. ದೇವರ ದಯೆಯಿಂದ ಸೊಸೆಯು ಬದುಕಿದಳು. ಅಂಗೈಯ ಸುಟ್ಟ ಗುರುತು ಇನ್ನೂ ಇದೆ.

ನಾವು ಹೋಗಿ ಆ ಇಸ್ತ್ರಿಯ ಡಬ್ಬಿಯಲ್ಲಿದ್ದ ಸೂಚನಾಪತ್ರವನ್ನು ತೆಗೆದು ನೋಡಿದೆವು. ಇಂಗ್ಲಿಷಿನಲ್ಲಿತ್ತು, ಹಿಂದಿಯಲ್ಲಿತ್ತು, ಕನ್ನಡದಲ್ಲಿ ಒಂದಕ್ಷರವೂ ಇರಲಿಲ್ಲ. ಇದ್ದಿದ್ದರೂ 'ಭೂಸಂಪರ್ಕ', 'ವಿದ್ಯುದಾಘಾತ' ಎಂದೇ ಇರುತ್ತಿತ್ತೆಂದು ನಮ್ಮ ಊಹೆ. ಏಳನೆಯ ತರಗತಿಗೆ ಸಾಲೆ ಬಿಟ್ಟ ಆ ಸೊಸೆಗೆ ವಿದ್ಯುದಾಘಾತವೆಂದರೆ ಏನೆಂದು ತಿಳಿಯಬೇಕು? 'ಕರೆಂಟ್ ಹಿಡಿಯುತ್ತದೆ' ಎಂದು ಬರೆದಿದ್ದರೆ ಮಗುವಿಗೂ ತಿಳಿಯುತ್ತಿತ್ತು. 'ಅರ್ಥಿಂಗ್' ಎಂಬ ಮಾತು ನಮ್ಮ ಜನರ ಬಾಯಲ್ಲಿದೆ, ಆದರೆ ಅದರ ಅರ್ಥವು ಮನಸ್ಸಿನಲ್ಲಿಲ್ಲ. ಭೂಮಿಯೆಂಬ ಅರ್ಥದ ಇಂಗ್ಲಿಷ್ ಶಬ್ದವದು ಎಂದು ಯಾರೂ ಅವರಿಗೆ ಹೇಳಿಲ್ಲ.

ಹೇಳುವುದು ಕಷ್ಟವೇನಲ್ಲ. ಮನೆಗೆ ಬರುವ ಕರೆಂಟಿನ ಒತ್ತಡವು 230 ವೋಲ್ಟ್. ಇಸ್ತ್ರಿಯೊಳಗಿನ ತಂತಿಯ ಹೊದಿಕೆಯು ಸವೆದು ಲೋಹದ ಮೈಗೆ ತಾಗಿದರೆ, ಆ ಮೈಯಲ್ಲೆಲ್ಲಾ ಕರೆಂಟು ನಿಲ್ಲುತ್ತದೆ. ಮೂರನೆಯ ದಪ್ಪ ಕಡ್ಡಿಯು ಆ ಮೈಯನ್ನು ನೆಲದಲ್ಲಿ ಹುಗಿದ ತಂತಿಗೆ ಜೋಡಿಸಿರುತ್ತದೆ. ಆಗ ಕರೆಂಟು ಮಣ್ಣಿಗಿಳಿಯುತ್ತದೆ, ಫ್ಯೂಜು ಹಾರುತ್ತದೆ. ಕಡ್ಡಿಯನ್ನು ಮುರಿದರೆ ಮಣ್ಣಿಗೆ ಹೋಗಲು ಉಳಿಯುವ ದಾರಿಯೊಂದೇ, ಅದು ಮುಟ್ಟಿದವರ ಮೈ. ಆ ಕಡ್ಡಿಯನ್ನು ಉಳಿದೆರಡಕ್ಕಿಂತ ಉದ್ದವಾಗಿ ಮಾಡಿರುವುದು ಚಂದಕ್ಕಲ್ಲ, ಅದೇ ಮೊದಲು ಸೇರಿ ಕೊನೆಗೆ ಬಿಡಲೆಂದು. ತೊಯ್ದ ಚರ್ಮವು ಒಣಗಿದ ಚರ್ಮಕ್ಕಿಂತ ಬಹಳ ಸುಲಭವಾಗಿ ಕರೆಂಟನ್ನು ಒಳಬಿಡುತ್ತದೆ. 30 ಮಿಲಿ ಆಂಪಿಯರ್‌ನಷ್ಟು ದಾರಿ ತಪ್ಪಿದರೂ ಕ್ಷಣಾರ್ಧದಲ್ಲಿ ಕಡಿದುಹಾಕುವ ಸಣ್ಣ ರಕ್ಷಣಾಯಂತ್ರಗಳು ಈಗ ಪೇಟೆಯಲ್ಲಿ ದೊರೆಯುತ್ತವೆ. ಮದುವೆಯಲ್ಲಿ ಮಿಕ್ಸರನ್ನು ಕೊಡುವ ಬದಲು ತಾಯಿತಂದೆಗಳು ಇದನ್ನು ಮಗಳ ಮನೆಗೆ ಹಾಕಿಸಿಕೊಟ್ಟರೆ ನಾವು ಹೆಚ್ಚು ಮೆಚ್ಚುವೆವು.

ಇದಾದ ಮೇಲೆ ನಾವು ಒಂದು ಸಣ್ಣ ಕೆಲಸವನ್ನು ಹಿಡಿದೆವು. ರಟ್ಟಿನ ತುಂಡುಗಳ ಮೇಲೆ ದಪ್ಪ ಅಕ್ಷರಗಳಿಂದ, ನಮ್ಮ ಸೀಮೆಯ ಮಾತಿನಲ್ಲಿಯೇ, "ತೊಯ್ದ ಕೈಲೆ ಮುಟ್ಟಬ್ಯಾಡ್ರಿ", "ಮೂರನೇ ಕಡ್ಡಿ ಮುರೀಬ್ಯಾಡ್ರಿ", "ಕರೆಂಟ್ ಹಿಡಿದವರನ್ನ ಮುಟ್ಟಬ್ಯಾಡ್ರಿ, ಮದಲ ಬಟನ್ ಬಂದ್ ಮಾಡ್ರಿ, ಆಗದಿದ್ರ ಒಣ ಕಟಗಿಲೆ ಬಿಡಸ್ರಿ" ಎಂದು ಬರೆದು, ಗುರುತಿನ ಮನೆಗಳಲ್ಲಿ ಬಟನ್ ಹಲಗೆಯ ಪಕ್ಕಕ್ಕೆ ಅಂಟಿಸಿದೆವು. ಒಬ್ಬ ಅಧ್ಯಾಪಕರು ಅದನ್ನು ಓದಿ, ಬರಹದಲ್ಲಿ ಇಂಥ ಗ್ರಾಮ್ಯಭಾಷೆಯನ್ನು ಬಳಸಬಾರದಾಗಿತ್ತೆಂದರು. ಗ್ರಾಂಥಿಕ ಭಾಷೆಯ ಮೇಲೆ ನಮಗೂ ಗೌರವವಿದೆ, ಈ ಲೇಖನವೇ ಅದಕ್ಕೆ ಸಾಕ್ಷಿ. ಆದರೆ ಬಟನ್ ಹಲಗೆಯ ಬಳಿ ಕೈಚಾಚಿದವಳಿಗೆ ವ್ಯಾಕರಣವನ್ನು ವಿಚಾರಿಸುವಷ್ಟು ಸಮಯವಿರುವುದಿಲ್ಲವೆಂದು ಉತ್ತರಕೊಟ್ಟೆವು.

2023ರಿಂದ ಗೃಹಜ್ಯೋತಿಯ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್‌ಗಳೊಳಗೆ ನಿಗದಿಯಾದಷ್ಟು ವಿದ್ಯುತ್ತು ಮನೆಗಳಿಗೆ ಶುಲ್ಕವಿಲ್ಲದೆ ದೊರೆಯುತ್ತಿರುವುದರಿಂದ, ಮೊದಲು ದೀಪ ಮಾತ್ರವಿದ್ದ ಮನೆಗಳಲ್ಲಿಯೂ ಮಿಕ್ಸರು, ನೀರು ಕಾಯಿಸುವ ಕಡ್ಡಿ, ಇಸ್ತ್ರಿಗಳು ಕಾಣಿಸಿಕೊಂಡಿವೆ. ನೀರು ಕಾಯಿಸುವ ಕಡ್ಡಿಯ ವಿಷಯದಲ್ಲಿ ನಮ್ಮ ಸೋದರಿಯರಿಗೆ ವಿಶೇಷ ಎಚ್ಚರಿಕೆಯನ್ನು ಕೊಡುತ್ತೇವೆ: ಬಟನ್ ಬಂದ್ ಮಾಡಿ ಪ್ಲಗ್ ಕಿತ್ತ ಹೊರತು ಬಕೀಟಿನ ನೀರಿಗೆ ಬೆರಳನ್ನು ಅದ್ದಬೇಡಿರಿ.

ಆ ಬೆಂಗಳೂರಿನ ಹುಡುಗಿಯು ಓದನ್ನು ಮುಗಿಸಿ ಈಗ ವಿದ್ಯುತ್ತಿನ ಇಲಾಖೆಯಲ್ಲಿಯೇ ಉದ್ಯೋಗದಲ್ಲಿದ್ದಾಳೆ. ನಮ್ಮ ರಟ್ಟಿನ ಬರಹಗಳನ್ನು ನೋಡಿ, ಇನ್ನೂ ನಾಲ್ಕು ಮಾತುಗಳನ್ನು ಸೇರಿಸಿಕೊಟ್ಟಳು. ತುಂಡಾಗಿ ಬಿದ್ದ ತಂತಿಯ ವಿಷಯವಾಗಿ ನಾವು ಏನನ್ನೂ ಬರೆದಿರಲಿಲ್ಲವೆಂದು ತೋರಿಸಿದವಳೂ ಅವಳೇ. ಕುಷ್ಟಗಿ, ಯಲಬುರ್ಗೆಗಳ ಎರೆಹೊಲಗಳ ನಡುವೆ ಈಗ ಎತ್ತರವಾದ ಗಾಳಿಯಂತ್ರಗಳು ನಿಂತಿವೆಯಷ್ಟೆ. ಕಾಗದಪತ್ರಗಳಲ್ಲಿ ಅವಕ್ಕೆ 'ಪವನ ವಿದ್ಯುತ್ ಘಟಕ'ಗಳೆಂದು ಹೆಸರು. ಹೊಲದವರು ಅವನ್ನು ಫ್ಯಾನುಗಳೆನ್ನುತ್ತಾರೆ. ಮನೆಯ ಫ್ಯಾನು ಕರೆಂಟಿನಿಂದ ಗಾಳಿಯನ್ನು ಮಾಡುತ್ತದೆ, ಹೊಲದ ಫ್ಯಾನು ಗಾಳಿಯಿಂದ ಕರೆಂಟನ್ನು ಮಾಡುತ್ತದೆ, ಹೆಸರು ಒಂದೇ. ಗಾಳಿಯಿಲ್ಲದೆ ಅವು ನಿಂತಿದ್ದ ಒಂದು ದಿನ, ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಮುದುಕಿಯೊಬ್ಬಳು ಅವಳನ್ನು ತಡೆದು, "ಯವ್ವಾ, ಇವತ್ತ ಯಾಕ ಇವನ್ನ ಹಚ್ಚಿಲ್ಲ?" ಎಂದು ಕೇಳಿದಳಂತೆ.